ಮೊದಲೇ ಕಟ್ಟು ಹಾಕಿದ ಫೋಟೋಗಳು

ಫೋಟೋ ಮಾಮನ ವಿಷಯ ಹೇಳಹೊರಟರೆ ನನ್ನ ತಲೆಯೂ ತಗ್ಗುತ್ತದೆ. ಸ್ಟುಡಿಯೋದ ಬೆಂಚಿನ ಮೇಲೆ ಕೂತವರಿಗೆಲ್ಲ ಚಹಾ ತರಿಸಿ, ಕಿವಿ ತೂತಾಗುವಷ್ಟು ಯುದ್ಧದ ಮಾತಾಡುವ ಮನುಷ್ಯ. "ದೇಶ ಅಂದ್ಮೇಲೆ ನಾಲ್ಕು ಜನ ಹೋಗ್ಲೇಬೇಕು ಸ್ವಾಮಿ. ಹೆದರಿ ಕೂತ್ರೆ ಶತ್ರು ನಾಳೆ ನಮ್ಮ ಅಡುಗೆಮನೆಗೇ ಬರ್ತಾನೆ" ಎನ್ನುತ್ತಿದ್ದ. ನಾವು ಹೌದೌದು ಎಂದು ತಲೆದೂಗುತ್ತಿದ್ದೆವು. ಪುಕ್ಕಟೆ ಚಹಾಕ್ಕೆ ಅಷ್ಟಾದರೂ ಮಾಡಬೇಡವೇ?

ಸೈನ್ಯಕ್ಕೆ ಹೊರಟ ಹುಡುಗರೆಲ್ಲ ಅವನಲ್ಲಿಗೇ ಬಂದು ಸಮವಸ್ತ್ರದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾಮ ಕಾಲರ್ ಸರಿಮಾಡಿ, ಗದ್ದ ಎತ್ತಿ ಹಿಡಿದು, "ಗಂಡಸಿನ ಹಾಗೆ ನೋಡೋ" ಎಂದು ಗದರುತ್ತಿದ್ದ. ಯುದ್ಧದ ಶುರುವಿನಲ್ಲಿ ಪಕ್ಕದ ಬೀದಿಯ ಹುಡುಗನೊಬ್ಬ ಸತ್ತಾಗ ಮನೆಯವರ ಹತ್ತಿರ ಇದ್ದದ್ದು ಯಾವುದೋ ಮದುವೆಯ ಗುಂಪು ಫೋಟೋ ಮಾತ್ರ. ದೊಡ್ಡದು ಮಾಡಿದರೆ ಮುಖವೇ ಕಾಣಲಿಲ್ಲ. ಅಂದಿನಿಂದ ಮಾಮ ಒಂದು ಪದ್ಧತಿ ಮಾಡಿಕೊಂಡ. ಹೊರಟ ಪ್ರತಿ ಹುಡುಗನ ಫೋಟೋವನ್ನು ಯಾರಿಗೂ ಹೇಳದೆ ದೊಡ್ಡದು ಮಾಡಿ, ಕಪ್ಪು ಕಟ್ಟು ಹಾಕಿಸಿ, ಬೀರುವಿನ ಕೆಳಗಿನ ಖಾನೆಯಲ್ಲಿ ಇಡುತ್ತಿದ್ದ. ಸಾವಿನ ಸುದ್ದಿ ಬಂದ ಮನೆಗೆ ಶವಕ್ಕಿಂತ ಮೊದಲೇ ಫೋಟೋ ತಲುಪುತ್ತಿತ್ತು. ಇಷ್ಟು ಬೇಗ ಹೇಗಾಯಿತು ಎಂದು ಅಳುವವರು ಕೇಳುತ್ತಾರೆಯೇ?

ಅವನ ಮಗ, ಅವನ ಅಕ್ಕನ ಮಗ ಇಬ್ಬರೂ ಜೊತೆಗೇ ಹೊರಟರು. ಆಮೇಲಂತೂ ಮಾಮನಿಗೆ ಎದುರು ಮಾತಾಡುವವರೇ ಇರಲಿಲ್ಲ. "ಇರೋ ಒಬ್ಬ ಮಗನ್ನೇ ಕೊಟ್ಟಿದೀನಿ" ಎಂದರೆ ಮುಗಿಯಿತು.

ಒಂದು ದಿನ ಮಾಮನ ಆ ಅಕ್ಕ ಸ್ಟುಡಿಯೋಗೆ ಬರುವ ಹೊತ್ತಿಗೆ ಗಡಿಯಲ್ಲಿ ನೂರಾರು ಜನ ಸತ್ತ ಸುದ್ದಿ ಬಂದಿತ್ತು. ಈ ಯುದ್ಧ ಇನ್ನು ಸಾಕು ಮಾಡಬಾರದೇ ಎಂದು ನನ್ನ ಪಕ್ಕ ಬೆಂಚಿನ ಮೇಲಿದ್ದ ಮೇಷ್ಟ್ರು ಮೆಲ್ಲಗೆ ಬಾಯಿಬಿಟ್ಟಿದ್ದರು. ಮಾಮ ಅವರನ್ನು ತರಾಟೆಗೆ ತೆಗೆದುಕೊಂಡಿದ್ದ. ಪರ್ಸಿನಲ್ಲಿ ಇಟ್ಟುಕೊಳ್ಳಲು ಮಗನ ಚಿಕ್ಕ ಫೋಟೋ ಬೇಕೆಂದಳು ಅಕ್ಕ.

"ಬೀರುನಲ್ಲಿದೆ, ನೀನೇ ತಗೋ ಅಕ್ಕಾ" ಎಂದವನು ತಿರುಗಿಯೂ ನೋಡದೆ ಮೇಷ್ಟ್ರ ಕಡೆ ಬೆರಳು ತೋರಿಸಿದ. "ಇನ್ನೂ ಇಷ್ಟೇ ಜನ ಹೋದ್ರೂ ಸರಿ, ನಾವು ಮಾತ್ರ..."

ಅಕ್ಕ ಕೆಳಗಿನ ಖಾನೆ ಎಳೆದಳು.

ಕಪ್ಪು ಕಟ್ಟಿನೊಳಗಿಂದ ಅವಳ ಮಗ ಗದ್ದ ಎತ್ತಿ ನೋಡುತ್ತಿದ್ದ. ಬೆಳಿಗ್ಗೆ ತಾನೇ ಅವನು ಫೋನಿನಲ್ಲಿ, ಬೆಚ್ಚನೆಯ ಕಾಲುಚೀಲ ಕಳಿಸಮ್ಮಾ ಎಂದಿದ್ದ.

"ಏನೋ ಇದು?"

"ಅದು... ಎಲ್ಲರದ್ದೂ ಮಾಡಿಡ್ತೀನಿ ಅಕ್ಕಾ. ಆಮೇಲೆ ಗಡಿಬಿಡಿ ಆಗ್ಬಾರ್ದು ಅಂತ."

ಅಕ್ಕ ಕೂಗಾಡಲಿಲ್ಲ. ನೆಲದ ಮೇಲೆ ಕೂತು ಒಂದೊಂದೇ ಫೋಟೋ ಹೊರಗಿಟ್ಟಳು. ಹಾಲಿನವನ ಮಗ, ದರ್ಜಿಯ ತಮ್ಮ, ಮೇಷ್ಟ್ರ ಅಳಿಯ. ಎಲ್ಲರೂ ಬದುಕಿದ್ದವರೇ. ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟರು. ನನ್ನ ಲೋಟ ಆಗಲೇ ಖಾಲಿಯಾಗಿತ್ತು, ಅದಕ್ಕೇ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

"ನಿನ್ನ ಮಗಂದು ಎಲ್ಲೋ?" ಎಂದಳು ಅಕ್ಕ.

ಮಾಮ "ಇಲ್ಲೇ ಎಲ್ಲೋ ಇರ್ಬೇಕು" ಎನ್ನುತ್ತ ಮಂಡಿಯೂರಿ, ಖಾಲಿ ಖಾನೆಯ ಮೂಲೆ ಮೂಲೆಗೂ ಕೈಯಾಡಿಸಿದ. ಆ ಒಂದು ಫೋಟೋ ತಾನು ಮಾಡಿಸಿಯೇ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಅಕ್ಕನ ಕಡೆ ತಲೆ ಎತ್ತಲಾರದೆ ಹುಡುಕುತ್ತಲೇ ಇದ್ದ.