ಗುಡ್ಡದ ಬಾವಿ

1988ರಲ್ಲಿ, ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು, ನಾನು ಮೂಡಲಗಿಯಲ್ಲಿ ಕಾಕಾನ ವೆಲ್ಡಿಂಗ್ ಅಂಗಡಿ ಸೇರಿದೆ. ಟೇಪು ಹಿಡಿದು ಅಳೆಯದೆ ಏನನ್ನೂ ನಂಬಬಾರದು ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಅದರ ಮೇಲೆಯೇ ಸ್ವಂತ ಅಂಗಡಿ ಹಾಕಿದೆ. ನಾನು ಬೆಸೆದ ಟ್ರಾಲಿ ಬಾಯಿಬಿಟ್ಟಿತು ಎಂದು ಗೋಕಾಕದಿಂದ ಈಚೆ ಒಬ್ಬ ರೈತನೂ ಬಂದು ನಿಂತಿಲ್ಲ.

ಈ ಗುಣಕ್ಕೆ ಸಿಕ್ಕಿಬಿದ್ದವಳು ಹೆಂಡತಿ. ಅವಳ ತವರು ಹುಕ್ಕೇರಿ ತಾಲೂಕಿನಲ್ಲಿ, ಕಣಗಲಾದಿಂದ ಒಳಗೆ, ಒಂದು ಗುಡ್ಡದ ಬುಡದಲ್ಲಿದೆ. ಗುಡ್ಡದ ಮೇಲೆ ಬಿದ್ದುಹೋದ ಕೋಟೆ. ಸಣ್ಣವಳಿದ್ದಾಗ ಆಡು ಕಾಯಲು ಹೋಗಿ ಕೋಟೆಯೊಳಗಿನ ಬಾವಿಯ ನೀರು ಕುಡಿಯುತ್ತಿದ್ದೆ ಎಂದು ಮದುವೆಯ ಹೊಸದರಲ್ಲಿ ಹೇಳಿದಳು. ನಾನು ನಕ್ಕೆ. ಬಯಲಿನ ಹೊಲದಲ್ಲೇ ಬೋರಿಗೆ ನೀರು ಬೀಳದು, ಬೋಳು ಗುಡ್ಡದ ನೆತ್ತಿಯಲ್ಲಿ ಬಾವಿಯೇ? ಅಂದಿನಿಂದ ನಮ್ಮ ಮನೆಯಲ್ಲಿ ನಂಬಲಾಗದ ಮಾತಿಗೆಲ್ಲ ‘ಗುಡ್ಡದ ಬಾವಿ’ ಎಂದೇ ಹೆಸರು. ಗ್ಯಾಸ್ ಸಿಲಿಂಡರಿನವನು ನಾಳೆ ಬರುತ್ತೇನೆಂದರೂ ಮಕ್ಕಳು ಅದನ್ನೇ ಅನ್ನುತ್ತಿದ್ದರು. ಅವಳು ಮಾತ್ರ ನಗುತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಘಟಪ್ರಭಾದ ಡಾಕ್ಟರು, ಅವಳ ಮೊಣಕಾಲಿಗೆ ಆಪರೇಷನ್ ಆಗಬೇಕು, ಆಮೇಲೆ ಗುಡ್ಡ ಹತ್ತುವುದೆಲ್ಲ ಬಂದ್ ಎಂದರು. ಹೊರಗೆ ಬಂದವಳೇ ಹೇಳಿದಳು:

“ಅದಕ್ಕ ಮೊದಲ ಗುಡ್ಡಕ್ಕ ನಡ್ರಿ. ನೀವು ಕಣ್ಣಿಲೆ ನೋಡಬೇಕು.”

“ಬಾವಿ ಇರದಿದ್ದರ?”

“ಇದ್ದರ, ಆ ಮಾತು ಮತ್ತ ನಿಮ್ಮ ಬಾಯಾಗ ಬರಬಾರದು ನೋಡ್ರಿ.”

ಒಪ್ಪಿದೆ. ಒಂದು ದಿನ ಅಂಗಡಿಗೆ ಬೀಗ ಹಾಕಿ ಹೊರಟೆವು. ಬುಡದಲ್ಲಿ ಎಳೆ ಬಿಸಿಲಿತ್ತು. ಅರ್ಧ ಏರುವಷ್ಟರಲ್ಲಿ ಮಳೆ ಬಂದು ಕಲ್ಲೆಲ್ಲ ಜಾರತೊಡಗಿದವು. ಅವಳ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ತೋಳು. ಕೋಟೆಯ ಮುರಿದ ಬಾಗಿಲಿನ ಕಮಾನಿನಡಿ ನಿಂತು ಏದುಸಿರು ಬಿಟ್ಟಳು.

“ಕಾಲು ಬಾತೈತಿ. ಹೊಳ್ಳಿ ಹೋಗೂಣೇನು?” ಎಂದೆ.

“ಹೊಳ್ಳಿ ಹೋದ್ರ ನಿಮಗ ಭಾಳ ಚಲೋ ಆಗತೈತಿ. ಏರ್ರಿ ಸುಮ್ನ.”

ಮೇಲೆ ಹೋದಾಗ ಮಳೆ ನಿಂತಿತ್ತು, ಆದರೆ ಮಂಜು ಇಳಿದು ನಾಲ್ಕು ಮಾರು ಆಚೆ ಏನೂ ಕಾಣದು. ಕುಸಿದ ಗೋಡೆ, ಹುಲ್ಲು, ಮತ್ತೆ ಗೋಡೆ. ಅವಳು ಎಡಕ್ಕೆ ಹೋಗಿ ಹುಡುಕಿ ಬಂದಳು. ಮುಖ ಸಣ್ಣದಾಗಿತ್ತು. ಆಡಿಕೊಳ್ಳುವ ಮಾತು ನನ್ನ ನಾಲಿಗೆಯ ತುದಿಗೆ ಬಂದದ್ದು ಖರೆ. ಅವಳ ಕಾಲು ನೋಡಿ ನುಂಗಿದೆ.

ಅವಳು ಬಗ್ಗಿ ಒಂದು ಹರಳು ಆರಿಸಿ ಮಂಜಿನೊಳಗೆ ಒಗೆದಳು. ಹುಲ್ಲಿನಲ್ಲಿ ಬಿತ್ತು. ತುಸು ಬಲಕ್ಕೆ ತಿರುಗಿ ಇನ್ನೊಂದು ಒಗೆದಳು. ಗುಳುಂ!

“ಕೇಳ್ತೇನ್ರಿ?”

“ತಗ್ಗಿನ್ಯಾಗ ಮಳಿ ನೀರು ನಿಂತಿರತೈತಿ,” ಎಂದೆ. ಸುಲಭಕ್ಕೆ ಸೋಲುವ ರೂಢಿ ನನಗಿಲ್ಲ.

“ಹಂಗಾರ ಬರ್ರಿ, ಟೇಪ್ ಹಚ್ಚಿ ಅಳೀರಿ.”

ತೋಳು ಹಿಡಿದು ಮೆಲ್ಲಗೆ ಕರೆದೊಯ್ದಳು. ಗಾಳಿ ಬೀಸಿ ಮಂಜು ಸರಿಯಿತು. ಬಂಡೆ ಕಡಿದು ಮಾಡಿದ ಚೌಕ ಬಾವಿ, ನೀರಿನವರೆಗೆ ಮೆಟ್ಟಿಲು. ಗೋಡೆಯ ತುಂಬ ಉಳಿಯ ಗೆರೆ ಇನ್ನೂ ಎದ್ದು ಕಾಣುತ್ತಿತ್ತು. ಇಳಿದು ಬೊಗಸೆಯಲ್ಲಿ ಕುಡಿದೆ. ಮೇಲೆ ಅವಳು ಕಲ್ಲಿನ ಮೇಲೆ ಕಾಲು ಚಾಚಿ ಕೂತು ರೊಟ್ಟಿಯ ಬುತ್ತಿ ಬಿಚ್ಚುತ್ತಿದ್ದಳು.

“ಹೆಂಗೈತ್ರಿ ಗುಡ್ಡದ ಬಾವಿ?”

“ತಣ್ಣಗೈತಿ,” ಎಂದೆ.

ಆಪರೇಷನ್ ಆಯಿತು. ಅವಳೀಗ ಕೋಲಿಲ್ಲದೆ ಸಂತೆಗೆ ಹೋಗಿಬರುತ್ತಾಳೆ. ಇಂದು ನನಗಿರುವುದು ಒಂದು ಅಂಗಡಿ, ಎರಡು ವೆಲ್ಡಿಂಗ್ ಮಷೀನು, ಮೂರು ಕೋಣೆಯ ಮನೆ, ಇಬ್ಬರು ಮಕ್ಕಳು, ಒಬ್ಬ ಹೆಂಡತಿ. ಸಿಲಿಂಡರಿನವನು ಬಾರದ ದಿನ ಅನ್ನಲು ಒಂದು ಮಾತು ಮಾತ್ರ ಇಲ್ಲ.