ಮಹದೇವ ಮುಚ್ಚಿದ ತೂತುಗಳು

ಕೆಸರೆಯ ಮಹದೇವ ಮೂವತ್ತನಾಲ್ಕು ವರ್ಷದಿಂದ ಮರದೊಳಗೆ ಮರ ಕೂರಿಸುತ್ತಾ ಬಂದವನು. ಮೈಸೂರಿನಲ್ಲಿ ಇದಕ್ಕೆ ಇನ್‌ಲೇ ಕೆಲಸ ಅನ್ನುತ್ತಾರೆ. ಬೀಟೆಯ ಹಲಗೆಯಲ್ಲಿ ಆನೆಯ ಆಕಾರದ ಗುಳಿ ಕೊರೆದು, ಅದೇ ಅಳತೆಗೆ ಹಲಸಿನ ಮರದಲ್ಲಿ ಆನೆ ಕತ್ತರಿಸಿ, ಗೋಂದು ಹಚ್ಚಿ ಕೂರಿಸಿ ಉಜ್ಜಿ ಪಾಲಿಶ್ ಹೊಡೆದ ಮೇಲೆ, ಬೀಟೆ ಎಲ್ಲಿ ಮುಗಿಯಿತು, ಹಲಸು ಎಲ್ಲಿ ಶುರುವಾಯಿತು ಎಂದು ಬೆರಳಾಡಿಸಿದವರಿಗೆ ಗೊತ್ತಾಗಬಾರದು. ಸಂದು ಕಂಡರೆ ಕೆಲಸ ಕೆಟ್ಟಂತೆಯೇ. ಮಹದೇವನ ಕೆಲಸದಲ್ಲಿ ಸಂದು ಹುಡುಕುವವರು ಭೂತಗನ್ನಡಿ ತಂದರೂ ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಹೋಗಬೇಕಿತ್ತು.

ಕೈ ಅಷ್ಟು ಸುಮ್ಮನೆ ಕೆಲಸ ಮಾಡುತ್ತಿದ್ದರೆ ಬಾಯಿಗೆ ಮಾತ್ರ ಪುರುಸೊತ್ತಿರಲಿಲ್ಲ. ಫ್ರಿಜ್ ರಿಪೇರಿಗೆ ಬಂದವನನ್ನು ತಣ್ಣಗಾಗುವುದು ಹೇಗೆ, ಬಿಸಿ ಎಲ್ಲಿ ಹೋಯಿತು, ಹೋದದ್ದು ವಾಪಸ್ ಬರುವುದಿಲ್ಲವೇ ಎಂದು ಕೇಳಿ ಕೇಳಿ, ಪಾಪ, ಕೊಟ್ಟ ಕಾಫಿಯನ್ನೂ ಮುಗಿಸದೆ ಆತ ಓಡಿದ್ದ. "ಇವ್ರಿಗೆ ಉತ್ರ ಹೇಳೋಕೆ ಒಬ್ರು ಮೇಷ್ಟ್ರನ್ನ ಸಂಬಳಕ್ಕಿಟ್ಕೋಬೇಕು," ಎಂದು ಹೆಂಡತಿ ಪ್ರೇಮಮ್ಮ ನಗುತ್ತಿದ್ದಳು.

ಇಂಥವನ ಹತ್ತಿರ ಪ್ರದ್ಯುಮ್ನ ಬಂದ. ಹೆಬ್ಬಾಳದ ಕಂಪನಿಯೊಂದರಲ್ಲಿ ಇಂಜಿನಿಯರು. ಶ್ರೀರಾಂಪುರದ ಹೊಸ ಮನೆಯ ಗೋಡೆಗೆ ಒಂದು ಇನ್‌ಲೇ ಚಿತ್ರ ಬೇಕೆಂದು ಬಂದವನು, ಮಹದೇವ ದಾರದಷ್ಟು ಸಣ್ಣ ಗರಗಸದಲ್ಲಿ ಆನೆಯ ಸೊಂಡಿಲನ್ನು ತಿರುವುತ್ತಿದ್ದುದನ್ನು ನೋಡುತ್ತಾ ನಿಂತುಬಿಟ್ಟ. ಮುಂದಿನ ವಾರ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಹೊತ್ತು ತಂದ.

"ಇದು ರಿಮೋಟಲ್ಲಿ ಹಾರಿಸೋ ವಿಮಾನದ ಕಿಟ್ಟು, ಮಹದೇವ ಅವ್ರೇ. ಒಳಗೆ ಬರೀ ಮರದ ತುಂಡು, ಜೊತೆಗೊಂದು ನಕ್ಷೆ. ಅಂಟಿಸ್ಕೊಂಡು ಹೋದ್ರೆ ಕೊನೇಲಿ ವಿಮಾನ ಆಗುತ್ತೆ. ನಾಲ್ಕು ವರ್ಷದಿಂದ ಅಟ್ಟದ ಮೇಲಿದೆ. ನನಗೆ ತಾಳ್ಮೆ ಸಾಲ್ದು. ನೀವು ಮಾಡ್ತೀರಾ?"

"ಹಾರ್ತದಾ ಸಾರ್?"

"ಸರಿಯಾಗಿ ಮಾಡಿದ್ರೆ ಹಾರುತ್ತೆ. ಮೋಟಾರು, ಬ್ಯಾಟರಿ ನಾನು ಹಾಕ್ತೀನಿ."

ಅಷ್ಟು ಸಾಕಾಯಿತು. ಮಹದೇವ ಒಪ್ಪಿಕೊಂಡ. ಇಂಥ ವಿಮಾನ ಹಾರುವುದು ಹೇಗೆಂದು ತೋರಿಸಲು ಪ್ರದ್ಯುಮ್ನ ಅವನನ್ನು ಆ ಭಾನುವಾರವೇ ಊರ ತುದಿಯ ಒಂದು ಲೇಔಟಿಗೆ ಕರೆದುಕೊಂಡು ಹೋದ. ಟಾರು ರಸ್ತೆ ಹಾಕಿ, ಸೈಟುಗಳಿಗೆ ಕಲ್ಲು ನೆಟ್ಟು, ಇನ್ನೂ ಒಂದು ಮನೆಯೂ ಏಳದ ಜಾಗ. ಕಾರಿನ ಡಿಕ್ಕಿಯಿಂದ ಅವನು ಇನ್ನೊಂದು ಪೆಟ್ಟಿಗೆ ತೆಗೆದ. ಅದರಲ್ಲಿದ್ದದ್ದು ಮುಕ್ಕಾಲು ಪಾಲು ತಯಾರಾಗಿಯೇ ಬಂದ ಥರ್ಮಾಕೋಲಿನಂಥ ವಿಮಾನ. ರೆಕ್ಕೆ ಸಿಕ್ಕಿಸಿದ, ನಾಲ್ಕು ಸ್ಕ್ರೂ ಬಿಗಿದ, ಬ್ಯಾಟರಿ ಹಾಕಿದ. ಅರ್ಧ ಗಂಟೆಯೂ ಆಗಿರಲಿಲ್ಲ, ಅದು ತಲೆಯ ಮೇಲೆ ಗುಂಯ್‌ಗುಟ್ಟುತ್ತಿತ್ತು.

ಮಹದೇವ ಕತ್ತು ನೋಯುವವರೆಗೂ ನೋಡಿ, "ಇದನ್ನ ಮಾಡಿದ್ದು ಯಾರು ಸಾರ್?" ಎಂದು ಕೇಳಿದ.

"ಯಾವ್ದೋ ಫ್ಯಾಕ್ಟ್ರಿ. ನಾನು ನಾಲ್ಕು ಸ್ಕ್ರೂ ಹಾಕ್ದೆ, ಅಷ್ಟೆ."

"ಹಂಗಾದ್ರೆ ಹಾರಿದ್ದಕ್ಕೆ ಖುಷಿ ಯಾರ್ದು?"

ಪ್ರದ್ಯುಮ್ನ ನಕ್ಕ. "ನಂದೇ! ನನಗೆ ಹಾರಿಸೋದು ಇಷ್ಟ, ಮಾಡೋದಲ್ಲ. ಊಟ ಇಷ್ಟಪಡೋರೆಲ್ಲ ಅಡುಗೆ ಮಾಡ್ಬೇಕಾ?"

ಮಾತು ನ್ಯಾಯವಾಗಿಯೇ ಇತ್ತು, ಮಹದೇವನೂ ತಲೆದೂಗಿದ. ಆದರೆ ಬರುವಾಗ ದಾರಿಯುದ್ದಕ್ಕೂ ಅವನ ಮನಸ್ಸು ಬೇರೆ ಕಡೆ ಇತ್ತು. ಇಷ್ಟು ವರ್ಷ ತಾನು ಮಾಡಿದ ಯಾವ ವಸ್ತುವೂ ಏನನ್ನೂ ಮಾಡಿ ತೋರಿಸಬೇಕಾಗಿರಲಿಲ್ಲ. ಅವನ ಆನೆ ನಡೆಯಬೇಕಿರಲಿಲ್ಲ, ನವಿಲು ಕುಣಿಯಬೇಕಿರಲಿಲ್ಲ. ಗೋಡೆಯ ಮೇಲೆ ಸುಮ್ಮನಿದ್ದರೆ ಸಾಕು, ಜನ ಚೆನ್ನಾಗಿದೆ ಅನ್ನುತ್ತಿದ್ದರು. ಆ "ಚೆನ್ನಾಗಿದೆ" ಎಷ್ಟು ನಿಜವೋ, ಎಷ್ಟು ದಾಕ್ಷಿಣ್ಯವೋ, ಯಾರಿಗೆ ಗೊತ್ತು? ವಿಮಾನಕ್ಕೆ ದಾಕ್ಷಿಣ್ಯವಿಲ್ಲ. ಹಾರುತ್ತದೆ, ಇಲ್ಲವೇ ಬೀಳುತ್ತದೆ. ತನ್ನ ಕೈಯಲ್ಲಿ ಅದು ಆಗುತ್ತದೆಯೇ ಇಲ್ಲವೇ ಎಂದು ಐವತ್ತಾರನೇ ವಯಸ್ಸಿನಲ್ಲಾದರೂ ಅವನಿಗೆ ತಿಳಿಯಲೇಬೇಕಿತ್ತು.

ಕಿಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಮೊದಲು ಕೈಗೆ ಬಂದ ಹಲಗೆಯನ್ನು ತೂಗಿ ನೋಡಿ, "ಇದು ಮರಾನೋ ಕಡ್ಲೆಪುರಿನೋ?" ಎಂದ. ಬಾಲ್ಸಾ ಅನ್ನುವ ಆ ಮರ ಉಫ್ ಅಂದರೆ ಹಾರುವಂತಿತ್ತು. ರೆಕ್ಕೆಗೆ ಪಕ್ಕೆಲುಬಿನಂಥ ಇಪ್ಪತ್ತೆರಡು ಪಟ್ಟಿಗಳು. ಒಂದೊಂದು ಪಟ್ಟಿಯಲ್ಲೂ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಮೂರು ದುಂಡನೆಯ ತೂತು. ನಕ್ಷೆಯಲ್ಲೂ ಅದೇ ಜಾಗದಲ್ಲಿ ಮೂರು ಸುತ್ತು.

ಇಲ್ಲಿಯೇ ಅವನು ಎಡವಿದ್ದು. ಅವನ ಕಸುಬಿನಲ್ಲಿ ನಕ್ಷೆಯಲ್ಲಿ ಒಂದು ಆಕಾರ ಬರೆದು, ಮರದಲ್ಲಿ ಅದೇ ಆಕಾರದ ತೂತು ಕೊರೆದಿದ್ದರೆ ಅರ್ಥ ಒಂದೇ: ಇಲ್ಲಿ ಏನೋ ಕೂರಬೇಕು. ಮಹದೇವ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅರವತ್ತಾರು ಬಿಲ್ಲೆಗಳಿಗಾಗಿ ಹುಡುಕಿದ. ಇಲ್ಲ. "ನೋಡೆ, ಕಂಪ್ನಿಯೋರು ಬಿಲ್ಲೆ ಹಾಕೋದನ್ನೇ ಮರ್ತವ್ರೆ!" ಎಂದು ಹೆಂಡತಿಗೆ ದೂರಿದ. ಫ್ರಿಜ್ಜಿನವನಿಗೆ ನೂರು ಪ್ರಶ್ನೆ ಕೇಳಿದ ಮನುಷ್ಯ ಪ್ರದ್ಯುಮ್ನನಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಮರದ ವಿಷಯದಲ್ಲಿ ಅವನು ಯಾರನ್ನೂ ಕೇಳಿದವನೇ ಅಲ್ಲ.

ಬೀಟೆಯಲ್ಲಿ ಅರವತ್ತಾರು ಬಿಲ್ಲೆ ಕತ್ತರಿಸಿದ. ಒಂದೊಂದನ್ನೂ ಉಗುರಿಗೆ ತಾಗದಂತೆ ಕೂರಿಸಿದ. ಅಲ್ಲಲ್ಲಿ ಕಂಡ ಸಂದುಗಳಿಗೆ ಮರದ ಪುಡಿ ಮತ್ತು ಗೋಂದು ಕಲಸಿ ತುಂಬಿದ. ಪಟ್ಟಿ ಜೋಡಿಸಿ, ರೆಕ್ಕೆ ಕಟ್ಟಿ, ಮೈಗೆಲ್ಲ ಒಂಬತ್ತು ಸಲ ಅರಗಿನ ಪಾಲಿಶ್ ಕೊಟ್ಟ. ಎರಡು ತಿಂಗಳಲ್ಲಿ ತಯಾರಾದದ್ದು ಅರಮನೆಯ ಪೀಠೋಪಕರಣದಂತೆ ಹೊಳೆಯುತ್ತಿತ್ತು.

ಪ್ರದ್ಯುಮ್ನ ಬಂದು ನೋಡಿ ಬೆರಗಾದ. ಎರಡು ಕೈಯಲ್ಲಿ ಎತ್ತಿಕೊಂಡ. ಎತ್ತಿಕೊಂಡವನ ಮುಖ ಬದಲಾಯಿತು. "ಇಲ್ಲಿ ತಕ್ಕಡಿ ಎಲ್ಲಿ ಸಿಗುತ್ತೆ?" ಎಂದ.

ಬೀದಿ ಕೊನೆಯಲ್ಲಿ ರಾಜೇಶನ ದಿನಸಿ ಅಂಗಡಿ. ಬೆಲ್ಲ ತೂಗುವ ತಕ್ಕಡಿಯ ಮೇಲೆ ವಿಮಾನ ಕೂತಾಗ ಎಣ್ಣೆ, ಬೇಳೆಗೆ ಬಂದವರೆಲ್ಲ ಸುತ್ತ ನೆರೆದರು. ಒಂಬೈನೂರ ನಲವತ್ತು ಗ್ರಾಂ. ನಕ್ಷೆಯ ಪ್ರಕಾರ ಮೇಲಿನ ಹೊದಿಕೆಯೂ ಸೇರಿ ಏಳುನೂರ ಐವತ್ತು ದಾಟುವಂತಿರಲಿಲ್ಲ. ಇದಕ್ಕಿನ್ನೂ ಹೊದಿಕೆಯೇ ಆಗಿರಲಿಲ್ಲ. ಪ್ರದ್ಯುಮ್ನ ರೆಕ್ಕೆಯೊಳಗೆ ಇಣುಕಿ, ಕಪ್ಪಗೆ ಮಿನುಗುವ ಬಿಲ್ಲೆಗಳನ್ನು ಕಂಡು ಒಂದರ ಮೇಲೆ ಬೆರಳಿಟ್ಟ.

"ಮಹದೇವ ಅವ್ರೇ, ಇವು ಬೇಕು ಅಂತಲೇ ಬಿಟ್ಟಿರೋ ತೂತುಗಳು. ಭಾರ ಕಡಿಮೆ ಆಗ್ಲಿ ಅಂತ."

"ಮಾದೇವಣ್ಣ ವಿಮಾನಕ್ಕೂ ತೇಪೆ ಹಾಕ್ಬುಟ್ಟವ್ನೆ ಕಣ್ರೋ!" ಎಂದು ರಾಜೇಶ ಕೂಗಿದ. ಎಲ್ಲರೂ ನಕ್ಕರು. ಆ ನಗು ಮಹದೇವನನ್ನು ಅಷ್ಟಾಗಿ ಚುಚ್ಚಲಿಲ್ಲ. ಚುಚ್ಚಿದ್ದು ಪ್ರದ್ಯುಮ್ನ ಸಮಾಧಾನಕ್ಕೆಂದು ಆಡಿದ ಮಾತು.

"ಬೇಜಾರು ಮಾಡ್ಕೋಬೇಡಿ. ಎಷ್ಟು ಚೆನ್ನಾಗಿದೆ ನೋಡಿ! ಇದನ್ನ ಹಾರಿಸಿ ಯಾಕೆ ಹಾಳು ಮಾಡೋದು? ನಮ್ಮ ಹಾಲಲ್ಲಿ ಗೋಡೆಗೆ ಹಾಕ್ತೀನಿ."

ಮತ್ತೆ ಗೋಡೆ. ಮಹದೇವ ವಿಮಾನವನ್ನು ತಕ್ಕಡಿಯಿಂದ ಎತ್ತಿಕೊಂಡ. "ಬ್ಯಾಡಿ ಸಾರ್. ಇನ್ನೊಂದೂವರೆ ತಿಂಗ್ಳು ಟೈಮ್ ಕೊಡಿ," ಎಂದವನೇ ಯಾರ ಮುಖವನ್ನೂ ನೋಡದೆ ಮನೆಗೆ ನಡೆದ.

ಎರಡು ದಿನ ಅದನ್ನು ಮುಟ್ಟಲಿಲ್ಲ. ಪ್ರೇಮಮ್ಮನೇ ಎದುರಿಗೆ ತಂದಿಟ್ಟಳು. "ಜೀವಮಾನವೆಲ್ಲಾ ತೂತು ಮುಚ್ಚಿದ್ದಾಯ್ತಲ್ಲ, ಈಗ ತೆರೆಯೋದನ್ನೂ ಕಲೀರಿ. ಮುಚ್ಚಿದ ಕೈಗೆ ತೆರೆಯೋಕೆ ಬರಲ್ವಾ?"

ಬರುತ್ತಿತ್ತು, ಆದರೆ ಹೊಟ್ಟೆ ಉರಿಯುತ್ತಿತ್ತು. ಗರಗಸದ ಅಲಗನ್ನು ಬಿಚ್ಚಿ ಬೆರಳಲ್ಲೇ ಹಿಡಿದು, ಬಿಲ್ಲೆಯ ಸುತ್ತ ಕೂದಲೆಳೆಯಷ್ಟು ಮೆತ್ತನೆ ಮರವನ್ನು ಸವರಿ, ಬಿಲ್ಲೆಯನ್ನು ಹಿಂದಿನಿಂದ ಒತ್ತಿ ತೆಗೆಯಬೇಕು. ಕೆಲಸ ಎಷ್ಟು ಚೆನ್ನಾಗಿತ್ತೋ ಬಿಡಿಸುವುದು ಅಷ್ಟೇ ಕಷ್ಟ. ದಿನಕ್ಕೆ ಮೂರು, ನಾಲ್ಕು. ಒಂದೊಂದು ಬಿಲ್ಲೆ ಸ್ಟೀಲು ತಟ್ಟೆಗೆ ಟಣ್ ಎಂದು ಬಿದ್ದಾಗಲೂ ಅವನು ಹಲ್ಲು ಕಚ್ಚುತ್ತಿದ್ದ. ಮಧ್ಯೆ ಒಂದು ಪಟ್ಟಿ ಮುರಿಯಿತು. ಹೊಸದು ಕತ್ತರಿಸಿ, ಈ ಸಲ ತಾನೇ ಮೂರು ತೂತು ಕೊರೆದ. ಅದನ್ನು ಬೆಳಕಿಗೆ ಹಿಡಿದು ಬಗ್ಗಿಸಿ ನೋಡಿದ. ಬಗ್ಗಲಿಲ್ಲ. ಇದ್ದ ಮರದಲ್ಲಿ ಅಷ್ಟು ತೆಗೆದರೂ ಗಟ್ಟಿತನ ಹಾಗೇ ಉಳಿದಿದೆ! ಹಾಗಾದರೆ ತೆಗೆದ ಮರ ಇಷ್ಟು ದಿನ ಏನು ಕೆಲಸ ಮಾಡುತ್ತಿತ್ತು? ಅಂದಿನಿಂದ ಅವನ ಸಂಕಟ ಕಡಿಮೆಯಾಯಿತು, ಕುತೂಹಲ ಹೆಚ್ಚಾಯಿತು. ಪಾಲಿಶನ್ನೂ ಕೆರೆದು ಕೆರೆದು ತೆಗೆದ.

ಕೊನೆಗೆ ಉಳಿದದ್ದು ಹೊದಿಕೆ. ಅದು ಬಿಸಿ ತಗುಲಿದರೆ ಬಿಗಿದುಕೊಳ್ಳುವ ತೆಳು ಹಾಳೆ, ಇಸ್ತ್ರಿ ಪೆಟ್ಟಿಗೆಯಿಂದಲೇ ಅಂಟಿಸಬೇಕು. ಆ ಕೆಲಸ ಪ್ರೇಮಮ್ಮನದಾಯಿತು. ರೇಷ್ಮೆ ಸೀರೆಗೆ ಇಸ್ತ್ರಿ ಮಾಡಿ ಪಳಗಿದ ಕೈ, ಒಂದು ಸುಕ್ಕೂ ಉಳಿಯಲಿಲ್ಲ. ರಾಜೇಶನ ತಕ್ಕಡಿ ಈ ಸಲ ಏಳುನೂರ ಅರವತ್ತು ತೋರಿಸಿತು. "ಹತ್ತು ಗ್ರಾಂ ನಮ್ಮಂಗ್ಡಿ ಕಡೆಯಿಂದ ಫ್ರೀ ಬುಡಣ್ಣ," ಎಂದ ರಾಜೇಶ. ಈಗ ನಗಲಿಲ್ಲ, ರೆಕ್ಕೆಯನ್ನು ಮೆಲ್ಲಗೆ ಮುಟ್ಟಿ ನೋಡಿದ.

ಭಾನುವಾರ ಬೆಳಗ್ಗೆ ಅದೇ ಲೇಔಟಿನ ಟಾರು ರಸ್ತೆ. ಪ್ರದ್ಯುಮ್ನ ರಿಮೋಟು ಹಿಡಿದು ನಿಂತ, ಗಂಡ ಹೆಂಡತಿ ಅವನ ಪಕ್ಕದಲ್ಲಿ. ವಿಮಾನ ಮೂವತ್ತು ಹೆಜ್ಜೆ ಓಡಿತು, ಚಕ್ರ ನೆಲ ಬಿಟ್ಟಿತು, ಏರಿತು. ಪ್ರದ್ಯುಮ್ನ ಹೋ ಎಂದು ಕೂಗಿದ. ಪ್ರೇಮಮ್ಮ ಕೈಮುಗಿದಳು. ಮಹದೇವ ಮಾತ್ರ ಹುಬ್ಬು ಗಂಟಿಕ್ಕಿಕೊಂಡೇ ನಿಂತಿದ್ದ.

"ಸಾರ್, ಈಗ ಅದನ್ನ ಎತ್ತಿರೋದು ಮೋಟಾರೋ, ರೆಕ್ಕೆಯೋ?"

"ಎರಡೂ ಸೇರಿ."

"ಮೋಟಾರು ನಿಮ್ದು. ರೆಕ್ಕೆ ನಂದು. ಮೋಟಾರು ನಿಲ್ಸಿ."

ಪ್ರದ್ಯುಮ್ನ ಗಾಬರಿಯಾದ. "ಗಾಳಿ ಬೇರೆ ಇದೆ ಕಣ್ರೀ! ಹೆಚ್ಚುಕಡಿಮೆ ಆದ್ರೆ ನಿಮ್ಮ ಇಷ್ಟು ತಿಂಗಳ ಕೆಲಸ ಪುಡಿಪುಡಿ ಆಗುತ್ತೆ."

"ಆಗ್ಲಿ. ಗೊತ್ತಾಗ್ಬೇಕು ನಂಗೆ."

"ನಿಲ್ಸಿಬುಡಿ ಸಾರ್," ಎಂದಳು ಪ್ರೇಮಮ್ಮ.

ಪ್ರದ್ಯುಮ್ನ ನಿಲ್ಲಿಸಿದ. ಗುಂಯ್ ಅನ್ನುವ ಸದ್ದು ಒಮ್ಮೆಲೇ ಹೋಯಿತು. ವಿಮಾನದ ಮೂತಿ ಕೆಳಕ್ಕೆ ಬಾಗಿತು. ಇನ್ನೂ ಒಂದಿಷ್ಟು ಬಾಗಿತು. ಆಮೇಲೆ ತಾನೇ ಸಾವರಿಸಿಕೊಂಡು ನೇರವಾಯಿತು. ಬೀಳಲಿಲ್ಲ. ಸದ್ದಿಲ್ಲದೆ, ಅವಸರವಿಲ್ಲದೆ, ಸೈಟುಗಲ್ಲುಗಳ ಮೇಲೆ ದೊಡ್ಡದಾಗಿ ಒಂದು ಸುತ್ತು ಹಾಕತೊಡಗಿತು. ಪ್ರದ್ಯುಮ್ನ ಎರಡೂ ಹೆಬ್ಬೆರಳನ್ನು ರಿಮೋಟಿನಿಂದ ಎತ್ತಿ ಮಹದೇವನಿಗೆ ತೋರಿಸಿದ.

ಮಹದೇವ ಹೆಂಡತಿಯ ಕೈ ಹಿಡಿದುಕೊಂಡ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಯಾರೂ ಹಿಡ್ಕೊಂಡಿಲ್ಲ ಕಣೆ," ಎಂದ. "ನೋಡು, ಯಾರೂ ಹಿಡ್ಕೊಂಡಿಲ್ಲ."

"ಮೋಟಾರು ಮತ್ತೆ ಹಾಕ್ಲಾ?" ಪ್ರದ್ಯುಮ್ನ ಮೆಲ್ಲಗೆ ಕೇಳಿದ.

"ಬ್ಯಾಡಿ ಸಾರ್. ಅದಕ್ಕೆ ಯಾವಾಗ ಬೇಕೋ ಆಗ ಇಳೀಲಿ."