ಮಗ್ಗದ ಮೇಲೆ ಕಲಿತ ಮುಲ್ಕಿ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹೊನ್ನವ್ವನಷ್ಟು ಓದಿದ ಸೊಸೆ ಇನ್ನೊಬ್ಬಳಿರಲಿಲ್ಲ. ಹೊನ್ನವ್ವನಷ್ಟು ನಪಾಸಾದವಳೂ ಇರಲಿಲ್ಲ. ಮುಲ್ಕಿ ಪರೀಕ್ಷೆಗೆ, ಅಂದರೆ ಏಳನೆಯ ಇಯತ್ತೆಯ ಆ ಕೊನೆಯ ದೊಡ್ಡ ಪರೀಕ್ಷೆಗೆ, ಎರಡು ವರ್ಷ ರೋಣಕ್ಕೆ ಹೋಗಿ ಕೂತಳು. ಎರಡು ಸಲವೂ ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ತಡ, ತಲೆ ಖಾಲಿ. ಬರೀ ಹೆಸರು ಬರೆದ ಕಾಗದ ಕೊಟ್ಟು ಎದ್ದು ಬಂದಳು.

ಓದಿರಲಿಲ್ಲವೇ? ಹಾಗೆಂದವರ ಬಾಯಲ್ಲಿ ಮಣ್ಣು ಬೀಳಲಿ! ಮದುವೆಗೆ ಮುಂಚೆ ಆರರವರೆಗೆ ಕಲಿತು ಬಂದವಳು, ಮುಂದಿನದನ್ನೆಲ್ಲ ಮಗ್ಗದಲ್ಲಿ ಕೂತೇ ಕಲಿತಳು. ಕಂಬಕ್ಕೆ ಪುಸ್ತಕ ಆನಿಸಿಟ್ಟು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಒಂದು ಮೆಟ್ಟು ತುಳಿದಾಗ ಒಂದು ಮಾತು, ಇನ್ನೊಂದು ತುಳಿದಾಗ ಇನ್ನೊಂದು. ಪಕ್ಕದ ಮಗ್ಗದಿಂದ ಗಂಡ ಮಹಾಲಿಂಗಪ್ಪ, "ಈ ಸೀರಿ ಉಟ್ಟಾಕಿಗೂ ಭೂಗೋಳ ಬರತೈತಿ ನೋಡ" ಎಂದು ಕಾಡಿಸುತ್ತಿದ್ದ.

ಅದು ೧೯೫೪. ಹತ್ತಿರದ ಹಳ್ಳಿ ಪುರ್ತಗೇರಿಯ ಶಾಲೆಗೆ ಕಲಿಸಲು ಹೆಣ್ಣುಮಗಳೊಬ್ಬಳು ಬೇಕಾಗಿದ್ದಳು. ಮುಲ್ಕಿ ಪಾಸಾದರೆ ಕೆಲಸ ಹೊನ್ನವ್ವನಿಗೇ ಎಂದು ಹಿರಿಯರು ಮಾತು ಕೊಟ್ಟಿದ್ದರು. ಈ ಸಲವೂ ತಪ್ಪಿದರೆ ಬೇರೆಯವರಿಗೆ. ಪರೀಕ್ಷೆಗೆ ಎಂಟು ದಿನ ಉಳಿದಾಗ ಅವಳಿಗೆ ಅನ್ನ ಸೇರದಾಯಿತು.

ಒಂದು ಮುಂಜಾನೆ ಅತ್ತೆ ಬಾಳವ್ವ ರೊಟ್ಟಿ ಬಡಿಯುತ್ತ, ಸೊಸೆಗೆ ಧೈರ್ಯ ಬರಲೆಂದು, "ಮಲಪ್ರಭಾ ಹೊಳಿ ಎಲ್ಲಿ ಹುಟ್ಟತೈತಿ, ಹೇಳ ನೋಡೂಣು" ಎಂದಳು. ಹೊನ್ನವ್ವ ಕಣ್ಣು ಕಣ್ಣು ಬಿಟ್ಟಳು.

"ನನ್ನ ಕೈಲೆ ಆಗಂಗಿಲ್ಲ ಅತ್ತಿ. ಈ ಸಲ ನಾ ಹೋಗಂಗಿಲ್ಲ" ಎಂದು ಅಳುತ್ತ ಹೋಗಿ ಮಗ್ಗದಲ್ಲಿ ಕೂತಳು. ಲಾಳಿ ನಾಲ್ಕು ಸಲ ಓಡಿತೋ ಇಲ್ಲವೋ, ಬಾಯಿ ತಾನಾಗಿ "ಕಣಕುಂಬಿ" ಎಂದಿತು. ಅದರ ಬೆನ್ನಿಗೇ ಘಟಪ್ರಭಾ, ಕೃಷ್ಣಾ, ತುಂಗಭದ್ರಾ, ಎಲ್ಲ ಹೊಳೆಗಳೂ ಬಂದವು.

ಬಾಳವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಕಾಲ ನಿಲ್ಸ್!" ನಿಲ್ಲಿಸಿದಳು; ಬಾಯಿಯೂ ನಿಂತಿತು. "ಈಗ ತುಳಿ!" ತುಳಿದಳು, ಮತ್ತೆ ಶುರುವಾಯಿತು.

"ಅಯ್ಯ ಹುಚ್ಚಿ! ನೀ ಕಲ್ತದ್ದೆಲ್ಲಾ ಕಾಲಾಗ ಐತಿ. ಅಲ್ಲಿ ಹೋಗಿ ಗೊಂಬಿ ಹಂಗ ಕುಂತ್ರ ಹ್ಯಾಂಗ ಬರಬೇಕ ಅದು?" ಎಂದು ಬಾಳವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಎಷ್ಟೋ ದಿನದ ಮೇಲೆ ಹೊನ್ನವ್ವನೂ ನಕ್ಕಳು.

ರೋಣದ ಪರೀಕ್ಷೆಯ ಕೋಣೆಯಲ್ಲಿ ಅವಳು ಬೆಂಚಿನ ಕೆಳಗೆ ಮೆಲ್ಲಗೆ ಕಾಲಾಡಿಸತೊಡಗಿದಳು. ಬಂತು! ಒಂದು ಪುಟ ತುಂಬಿತು, ಎರಡು ತುಂಬಿತು. ಕಾಲಿಗೆ ಹುರುಪು ಏರಿತು. ಕಾಲುಂಗುರ ಹಾಸುಗಲ್ಲಿಗೆ ತಾಗಿ ಟಕ್ ಟಕ್ ಎನ್ನುವುದು ಅವಳೊಬ್ಬಳಿಗೇ ಕೇಳಿಸಲಿಲ್ಲ.

ಕಾವಲಿಗಿದ್ದ ಪ್ರಭುಲಿಂಗಪ್ಪ ಮಾಸ್ತರರು ಬಂದು ನಿಂತರು. "ಏನವ್ವಾ, ಬರೀಲಿಕ್ಕೆ ಬಂದೀಯೋ, ಕುಣೀಲಿಕ್ಕೆ ಬಂದೀಯೋ? ಸುಮ್ನ ಕುಂದರು, ಇಲ್ಲಾ ಹೊರಗ ನಡಿ."

ಕಾಲು ನಿಂತವು. ಅರ್ಧ ಬರೆದ ವಾಕ್ಯ ಅಲ್ಲೇ ನಿಂತಿತು, ಮುಂದಿನದು ಬರಲೊಲ್ಲದು. ಮತ್ತೆ ಅದೇ ಆಯಿತಲ್ಲಪ್ಪಾ ದೇವರೇ! ಹೋದೆರಡು ವರ್ಷದ ಹೊನ್ನವ್ವನಾಗಿದ್ದರೆ ಕಾಗದ ಕೊಟ್ಟು ಎದ್ದುಬಿಡುತ್ತಿದ್ದಳು. ಈಗಲೂ ಎದ್ದಳು, ಆದರೆ ಬಾಯಿ ಬಿಟ್ಟಳು.

"ಮಾಸ್ತರ್ರ, ನಾ ಮಗ್ಗದಾಗ ಕುಂತ ಕಲ್ತಾಕೀರಿ. ಕಾಲ ಆಡಿದ್ರಷ್ಟ ನನಗ ನೆನಪಾಗತೈತ್ರಿ. ಖರೇ ಹೇಳ್ತೀನ್ರಿ, ಹೊರಗ ಹಾಕಬ್ಯಾಡ್ರಿ."

ಕೋಣೆಯ ತುಂಬ ಹುಡುಗರು ಕಿಸಕ್ಕೆಂದರು. ಮಾಸ್ತರರು ನಗಲಿಲ್ಲ. ಅವಳು ಬರೆದದ್ದನ್ನು ಒಮ್ಮೆ ನೋಡಿದರು, ಅವಳ ಕಾಲನ್ನು ಒಮ್ಮೆ ನೋಡಿದರು. ಹೊರಗೆ ಹೋಗಿ ಒಂದು ಗೋಣಿತಟ್ಟು ತಂದು ನಾಲ್ಕು ಮಡಿಕೆ ಮಾಡಿ ಬೆಂಚಿನ ಕೆಳಗೆ ಹಾಸಿದರು.

"ಹೂಂ, ಸಪ್ಪಳಾಗಬಾರ್ದು. ನಡಸ ನಿನ್ನ ಮಗ್ಗ."

ಹೊನ್ನವ್ವನ ಕಣ್ಣು ತುಂಬಿ ಬಂತು. ಆದರೆ ಅಳಲಿಕ್ಕೆ ಪುರುಸೊತ್ತೆಲ್ಲಿ? ಗಂಟೆ ಬಾರಿಸುವವರೆಗೂ ಬರೆದಳು.

ಪಾಸಾದ ಸುದ್ದಿ ಬಂದ ದಿನ ಬಾಳವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಜೂನ್ ತಿಂಗಳಲ್ಲಿ ಹೊನ್ನವ್ವ ಪುರ್ತಗೇರಿ ಶಾಲೆಯ ಹೊಸ್ತಿಲು ದಾಟಿ ಒಳಗೆ ಬಂದಳು. ಮಕ್ಕಳೆಲ್ಲ ಎದ್ದು ನಿಂತು, ಒಂದೇ ದನಿಯಲ್ಲಿ "ನಮಸ್ಕಾರ್ರೀ ಅಕ್ಕೋರ" ಎಂದವು.

ಕಲಿಸುವ ಅಕ್ಕೋರು ಬಂದರೇನೋ ಎಂದು ಹೊನ್ನವ್ವ ಲಗುಬಗೆಯಿಂದ ಪಕ್ಕಕ್ಕೆ ಸರಿದು, ಸೆರಗು ಸರಿಮಾಡಿಕೊಂಡು, ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.